ರೂಟರ್ ಪಾಠ ಕನ್ನಡದಲ್ಲೂ ಬರಲಿ

ಮಾನ್ಯ ಸಂಪಾದಕರೇ,

ಡಿಪ್ಲೊಮಾ ಓದುತ್ತಿರುವ ನನ್ನ ಮಗಳು ಮೊನ್ನೆ ಮನೆಯ ರೂಟರ್ ತಿರುಗಿಸಿ, ಅಡಿಯಲ್ಲಿದ್ದ ಸ್ಟಿಕ್ಕರ್ ತೋರಿಸಿ ಕೇಳಿದಳು: ‘ಅಪ್ಪಾ, ನಮ್ಮ ರೂಟರ್ ವಿಳಾಸವೂ 192.168.1.1, ಗೆಳತಿ ಮನೆಯದ್ದೂ ಅದೇ. ಡೇಟಾ ಅದಲುಬದಲಾಗಲ್ವಾ?’ ಎಂಥ ಒಳ್ಳೆ ಪ್ರಶ್ನೆ ಅಲ್ವಾ! ತರಗತಿಯಲ್ಲಿ ಕೇಳಿದ್ದಕ್ಕೆ ‘ಪರೀಕ್ಷೆಗೆ ಬರಲ್ಲ’ ಅಂದರಂತೆ. ತುಂಬಾ ಬೇಜಾರಾಯಿತು.

ಉತ್ತರ ಕಷ್ಟವೇನಲ್ಲ. 192.168 ಎಂದು ಶುರುವಾಗುವ ವಿಳಾಸಗಳು ಮನೆ, ಕಚೇರಿಯ ಒಳಗಿನ ಬಳಕೆಗೇ ಮೀಸಲು, ಹೊರಗಿನ ಇಂಟರ್‌ನೆಟ್‌ನಲ್ಲಿ ಅವು ನಡೆಯುವುದಿಲ್ಲ. ಸಾಧನಗಳಿಗೆ ವಿಳಾಸ ಕೊಡುವ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ, ಪ್ರತಿ ಫೋನು, ಟಿವಿಗೂ ಬೇರೆ ಬೇರೆ ಕೊಟ್ಟರೆ ಸಾಲುವುದಿಲ್ಲ, ಅದಕ್ಕೇ ರೂಟರ್ ಹೊರಟ ಡೇಟಾ ತುಂಡಿನ, ಅಂದರೆ ಪ್ಯಾಕೆಟ್‌ನ ಒಳವಿಳಾಸ ತೆಗೆದು ತನ್ನ ಹೊರವಿಳಾಸ ಹಾಕುತ್ತದೆ, ಉತ್ತರ ಯಾರಿಗೆ ತಲುಪಬೇಕೆಂದು ಪೋರ್ಟ್ ನಂಬರ್ (ಒಂದೊಂದು ಸಂಪರ್ಕವನ್ನೂ ಗುರುತಿಸುವ ಸಂಖ್ಯೆ) ಸಮೇತ ನೆನಪಿಟ್ಟುಕೊಳ್ಳುತ್ತದೆ. ಹೀಗೆ ವಿಳಾಸ ಬದಲಿಸುವುದಕ್ಕೇ ನ್ಯಾಟ್ ಅನ್ನುವುದು. ಕಂಪ್ಯೂಟರ್ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೂ ರೂಟರ್‌ಗೂ ಏನು ವ್ಯತ್ಯಾಸ ಅನ್ನುವುದೂ ಎರಡು ಮಾತಿನ ಉತ್ತರ. ಸ್ವಿಚ್ ಒಂದೇ ನೆಟ್‌ವರ್ಕ್‌ನೊಳಗೆ ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆ) ನೋಡಿ ಕಳಿಸುತ್ತದೆ, ರೂಟರ್ ಇನ್ನೊಂದು ನೆಟ್‌ವರ್ಕ್‌ಗೆ ದಾಟಿಸುತ್ತದೆ.

ಮಂಡ್ಯದಂಥ ಊರಿನ ಮಕ್ಕಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ಸುಮ್ನೆ ಬಾಯಿಪಾಠ ಮಾಡುತ್ತಿದ್ದಾರೆ. ದಯವಿಟ್ಟು ವಾರಕ್ಕೊಮ್ಮೆ ಕಾಲು ಪುಟವಾದರೂ ಇಂಥ ಪ್ರಶ್ನೆಗಳಿಗೆ ಕೊಡಿ. ಮೊದಲ ಪ್ರಶ್ನೆ ಕಳಿಸಲು ನನ್ನ ಮಗಳು ತಯಾರಿದ್ದಾಳೆ.

– ಒಬ್ಬ ಓದುಗ, ಮಂಡ್ಯ