ಶಾಂಪೂವಿನಲ್ಲಿದ್ದ ಮದ್ದನ್ನು ಹೇಳದೆ ತೆಗೆದದ್ದರ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ತಲೆಹೊಟ್ಟಿನ ಶಾಂಪೂವನ್ನು ನಾನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ನನಗಿರುವುದು ಬರೀ ಹೊಟ್ಟಲ್ಲ, ಸೆಬೊರಿಕ್ ಡರ್ಮಟೈಟಿಸ್. ನೆತ್ತಿ ಕೆಂಪಾಗಿ ಜಿಡ್ಡು ಜಿಡ್ಡಾದ ಹಳದಿ ಹೊಟ್ಟು ಏಳುತ್ತದೆ. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆಯೂ ಸಿಪ್ಪೆ ಸುಲಿಯುತ್ತದೆ. ಇದು ಬಂದು ಹೋಗಿ ಮಾಡುವ ಕಾಯಿಲೆ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಅಷ್ಟೇ. ನಿಮ್ಮ ಶಾಂಪೂವಿನಲ್ಲಿ ಶೇ. 1ರಷ್ಟು ಝಿಂಕ್ ಪೈರಿಥಿಯೋನ್ ಎಂಬ ಫಂಗಸ್ ತಡೆಯುವ ಮದ್ದು ಇತ್ತು. ನನ್ನ ತಲೆ ಹತೋಟಿಯಲ್ಲಿದ್ದದ್ದು ಅದರಿಂದಲೇ.

ಈಚೆಗೆ ತಂದ ಬಾಟಲಿ ಬಳಸತೊಡಗಿದ ಮೇಲೆ ತುರಿಕೆ ಮತ್ತೆ ಶುರುವಾಯಿತು. ಬಾಚಣಿಗೆಯ ಹಲ್ಲುಗಳ ನಡುವೆ ಅಂಟಂಟಾದ ಹೊಟ್ಟು. ನಿದ್ದೆಗಣ್ಣಲ್ಲಿ ಕೆರೆದುಕೊಂಡು ಬೆಳಗ್ಗೆ ಉಗುರಿನ ಸಂದಿಯಲ್ಲಿ ರಕ್ತ. ಅನುಮಾನ ಬಂದು ಹಳೇ ಬಾಟಲಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹಿಂದಿನ ಸಣ್ಣಕ್ಷರ ಓದಿದೆ. ಮುಂದೆ ಅದೇ ಬಣ್ಣ, ಅದೇ ಹೆಸರು, ಅದೇ ‘ಹೊಟ್ಟು ನಿವಾರಕ’. ಹಿಂದಿನ ಪಟ್ಟಿಯಲ್ಲಿ ಝಿಂಕ್ ಪೈರಿಥಿಯೋನ್ ಮಾತ್ರ ಇಲ್ಲ. ಹೊಸದಾಗಿ ಆಲಿವ್ ಎಣ್ಣೆ ಸೇರಿದೆ. ಜೊತೆಗೆ ‘ಈಗ ಇನ್ನೂ ಹೆಚ್ಚಿನ ಪೋಷಣೆ’ ಅಂತ ಮಿರಮಿರ ಮಿಂಚುವ ಒಂದು ಚೀಟಿ.

ಪೋಷಣೆ ಯಾರಿಗೆ ಸ್ವಾಮಿ? ಮಲಸೀಜಿಯಾ ಎಂಬ ಫಂಗಸ್ ಹೆಚ್ಚುಕಡಿಮೆ ಎಲ್ಲರ ಚರ್ಮದ ಮೇಲೂ ಇರುತ್ತದೆ. ಅದು ಬದುಕುವುದೇ ಚರ್ಮದ ಜಿಡ್ಡು ತಿಂದು. ತಿಂದ ಮೇಲೆ ಅದು ಹೊರಬಿಡುವ ಒಲಿಯಿಕ್ ಆಮ್ಲ ನನ್ನಂಥವರ ನೆತ್ತಿಗೆ ಆಗಿಬರುವುದಿಲ್ಲ. ಲ್ಯಾಬ್‌ಗಳಲ್ಲಿ ಈ ಫಂಗಸ್ ಬೆಳೆಸಲು ಆಲಿವ್ ಎಣ್ಣೆ ಹಾಕುವುದುಂಟು! ಅಂದರೆ ನೀವು ಅದನ್ನು ಹಿಡಿತದಲ್ಲಿಡುವ ಮದ್ದು ತೆಗೆದು, ಅದಕ್ಕೇ ಊಟ ಬಡಿಸಿದ್ದೀರಿ.

ಮದ್ದು ತೆಗೆಯಲು ನಿಮಗೆ ಕಾರಣ ಇರಬಹುದು. ಯುರೋಪಿಯನ್ ಒಕ್ಕೂಟ 2022ರ ಮಾರ್ಚ್‌ನಿಂದ ಸೌಂದರ್ಯ ಸಾಮಗ್ರಿಗಳಲ್ಲಿ ಝಿಂಕ್ ಪೈರಿಥಿಯೋನ್ ನಿಷೇಧಿಸಿದ್ದು ನನಗೂ ಗೊತ್ತು. ತೆಗೆಯುವುದಾದರೆ ತೆಗೆಯಿರಿ, ನನ್ನ ತಕರಾರಿಲ್ಲ. ಆದರೆ ಹೇಳಿ ತೆಗೆಯಿರಿ. ಹೊಸ ಚೀಟಿ ಅಂಟಿಸಲು ಜಾಗ ಇದೆ, ‘ಮದ್ದು ತೆಗೆದಿದ್ದೇವೆ’ ಅಂತ ಒಂದು ಸಾಲು ಬರೆಯಲು ಜಾಗ ಇಲ್ವಾ?

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ ‘ತಲೆ ಸ್ವಚ್ಛವಾಗಿಟ್ಟುಕೊಳ್ಳಿ, ದಿನಾ ಎಣ್ಣೆ ಹಚ್ಚಿ’ ಅಂದರು. ಪಾಪ, ಅವರು ಬರೆದುಕೊಟ್ಟಿದ್ದನ್ನು ಓದಿದರು. ಬರೆದುಕೊಟ್ಟವರಿಗೆ ಹೇಳಿ: ಇದು ಕೊಳೆಯಿಂದ ಬರುವುದಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಸ್ನಾನ ಮಾಡ್ತೀರಾ ಅಂತ ಕೇಳುವ ಧಾಟಿಯ ಉಪದೇಶ ಈ ಕಾಯಿಲೆ ಇರುವವರು ಎಲ್ಲ ಕಡೆಯೂ ಕೇಳಿ ಸಾಕಾಗಿದ್ದಾರೆ. ದುಡ್ಡು ಕೊಟ್ಟ ಕಂಪನಿಯಿಂದಲೂ ಕೇಳಬೇಕಾ?

ಬಳಸುವ ವಿಧಾನವೂ ಹಾಗೇ ಇದೆ. ‘ನೊರೆ ಬರಿಸಿ, ತಕ್ಷಣ ತೊಳೆಯಿರಿ’ ಎಂದು ಹಳೇ ಬಾಟಲಿಯಲ್ಲೂ ಬರೆದಿದ್ದಿರಿ. ಇಂಥ ಮದ್ದು ನೆತ್ತಿಯ ಮೇಲೆ ಕೆಲವು ನಿಮಿಷ ನಿಂತರೇ ಕೆಲಸ ಮಾಡುವುದು. ಚರ್ಮದ ಡಾಕ್ಟರು ಹೇಳಿರದಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

ಈಗ ಅವರೇ ಕೀಟೋಕೊನಝೋಲ್ ಎಂಬ ಫಂಗಸ್ ಮದ್ದು ಶೇ. 2ರಷ್ಟಿರುವ ಶಾಂಪೂ ಕೊಟ್ಟಿದ್ದಾರೆ. ವಾರಕ್ಕೆ ಎರಡು ಸಲ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಕಡಿಮೆಯಾದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸಾಕು. ಕೆಂಪು ಇಳಿದಿದೆ, ರಾತ್ರಿ ನಿದ್ದೆ ಬರುತ್ತಿದೆ. ಹಾಗಾಗಿ ಬದಲಿ ಬಾಟಲಿ ಕಳಿಸುವ ಶ್ರಮ ತೆಗೆದುಕೊಳ್ಳಬೇಡಿ, ನನಗೆ ಬೇಡ.

ಬೇಕಾಗಿರುವುದು ಇಷ್ಟು. ಹೊಸ ಬಾಟಲಿಯ ಹಣ ವಾಪಸ್ ಕೊಡಿ. ಹೊಟ್ಟಿಗೆ ಹಾಕಿರುವ ಮದ್ದು ಯಾವುದು, ಶೇಕಡಾ ಎಷ್ಟು ಎಂದು ಬಾಟಲಿಯ ಮುಂದೆಯೇ ದಪ್ಪಕ್ಷರದಲ್ಲಿ ಹಾಕಿ. ಮದ್ದೇ ಇಲ್ಲದಿದ್ದರೆ ‘ಹೊಟ್ಟು ನಿವಾರಕ’ ಎಂಬ ಮಾತು ತೆಗೆಯಿರಿ. ‘ಶಾಶ್ವತ ಪರಿಹಾರ’ ಎಂಬ ಜಾಹೀರಾತನ್ನಂತೂ ಇವತ್ತೇ ನಿಲ್ಲಿಸಿ. ಅಂಥ ಪರಿಹಾರ ಈ ಕಾಯಿಲೆಗೆ ಇಲ್ಲ, ಅದು ನಿಮಗೂ ಗೊತ್ತು.

ಎರಡೂ ಬಾಟಲಿಗಳ ಹಿಂಬದಿಯ ಫೋಟೋ ಮತ್ತು ರಸೀದಿ ಲಗತ್ತಿಸಿದ್ದೇನೆ. ಉತ್ತರವನ್ನು ಬರಹದಲ್ಲೇ ಕೊಡಿ. ಸಹಾಯವಾಣಿಯಿಂದ ಇನ್ನೊಂದು ಫೋನ್ ಬೇಡ.

ಇಂತಿ,
ನಿಮ್ಮ ಗ್ರಾಹಕ