ಬಾಗಿಲಲ್ಲಿಟ್ಟ ರಿಜಿಸ್ಟರ್ ತೆಗೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಕುಡಿತ ಬಿಡಬೇಕೆನ್ನುವವರ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆಗೆ ಆಸ್ಪತ್ರೆಯಲ್ಲಿ ಒಂದು ಕೋಣೆ ಕೊಟ್ಟಿದ್ದೀರಿ, ಋಣಿಯಾಗಿದ್ದೇವೆ. ಆದರೆ ಮೂರು ಅರ್ಜಿ ಕೊಟ್ಟೆವು, ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಹಾಗಾಗಿ ಎಲ್ಲರೆದುರೇ ಕೇಳುತ್ತಿದ್ದೇವೆ: ಬಾಗಿಲಲ್ಲಿಟ್ಟ ರಿಜಿಸ್ಟರ್ ತೆಗೆಸಿ, ಫಲಕ ಸರಿಪಡಿಸಿ, ಕೋಣೆಯ ಕೀಲಿ ಹೊತ್ತಿಗೆ ಸಿಗುವಂತೆ ಮಾಡಿ.

ರಿಜಿಸ್ಟರಿನಲ್ಲಿ ಐದು ಕಾಲಂ: ಹೆಸರು, ತಂದೆ ಅಥವಾ ಗಂಡನ ಹೆಸರು, ಮೊಬೈಲ್ ನಂಬರ್, ಎಷ್ಟು ವರ್ಷದಿಂದ ಕುಡಿತ, ಸಹಿ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಹೋದ ವಾರ ಬಂದವರ ಹೆಸರು ಮೇಲಿನ ಸಾಲಿನಲ್ಲೇ ಓದಲು ಸಿಗುತ್ತದೆ. ಕಳೆದ ಸಭೆಯ ದಿನ ಹೊಸಬರೊಬ್ಬರು ನಾಲ್ಕನೇ ಕಾಲಂವರೆಗೆ ತುಂಬಿ, ಮೇಲಿನ ಸಾಲು ನೋಡಿ, ತಾವು ಬರೆದದ್ದನ್ನು ಕಾಟು ಹೊಡೆದು ಹೊರಟೇಬಿಟ್ಟರು. ‘ಗೀಚಬೇಡ್ರಿ, ಸರ್ಕಾರಿ ದಾಖಲೆ ಅದು!’ ಎಂದು ಸಿಬ್ಬಂದಿ ಬೆನ್ನ ಹಿಂದೆಯೇ ಕೂಗಿದರು. ದಾಖಲೆ ಉಳಿಯಿತು, ಸ್ವಾಮಿ. ಮನುಷ್ಯ ಮತ್ತೆ ಬಂದಿಲ್ಲ.

ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಶುರುವಾದದ್ದು. ಹೆಸರು ಹೇಳಬೇಕಿಲ್ಲ ಅನ್ನುವುದು ಆ ಸಂಘದ ಹೆಸರಿನಲ್ಲೇ ಇದೆ. ಗುಂಪುಗಳು ನಡೆದುಕೊಳ್ಳುವ ಅದರ ಹನ್ನೆರಡು ಸಂಪ್ರದಾಯಗಳಲ್ಲಿ ಮೂರನೆಯದರ ಪ್ರಕಾರ ಸದಸ್ಯನಾಗಲು ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ತಂದೆಯ ಹೆಸರು ಅಲ್ಲಿ ಬರುವುದಿಲ್ಲ. ಏಳನೆಯದರ ಪ್ರಕಾರ ಹೊರಗಿನ ದುಡ್ಡು ಮುಟ್ಟುವಂತಿಲ್ಲ, ಆದ್ದರಿಂದ ಅನುದಾನವನ್ನೂ ಕೇಳುತ್ತಿಲ್ಲ. ಕೋಣೆಗೆ ಬಾಡಿಗೆ ಹಾಕಿ, ಕೊಡುತ್ತೇವೆ. ಇದೆಲ್ಲ ತಮಗೆ ಗೊತ್ತಿರುವುದೇ.

ಅಂಕಿಅಂಶಕ್ಕಾಗಿ ರಿಜಿಸ್ಟರ್ ಬೇಕು ಅನ್ನುತ್ತಾರೆ. ತಲೆ ಎಣಿಸಿದರಾಯಿತು: ಎಷ್ಟು ಜನ ಬಂದರು, ಅದರಲ್ಲಿ ಹೊಸಬರೆಷ್ಟು, ಎರಡೇ ಸಂಖ್ಯೆ, ವಾರವಾರ ಚೀಟಿಯಲ್ಲಿ ಬರೆದುಕೊಡುತ್ತೇವೆ. ಸಭೆಯಿಂದ ಉಪಯೋಗವುಂಟೇ ಎಂಬ ಅನುಮಾನವಿದ್ದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆ ತರಿಸಿ ಓದಿ. 27 ಅಧ್ಯಯನ, 10,565 ಮಂದಿ. ಕ್ರಮಬದ್ಧವಾಗಿ ಎ.ಎ. ಸಭೆಯ ದಾರಿಗೆ ಹಚ್ಚುವ ಚಿಕಿತ್ಸೆ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲೆಂದು ಅಲ್ಲಿ ಕಂಡಿದೆ. ದಾರಿಗೆ ಹಚ್ಚುವುದೆಂದರೆ ಚೀಟಿ ಕೈಗಿಟ್ಟು ಕಳಿಸುವುದಲ್ಲ. ರೋಗಿ ಎದುರಿಗಿರುವಾಗಲೇ ಸದಸ್ಯರೊಬ್ಬರಿಗೆ ಫೋನ್ ಹಚ್ಚಿ ಇಬ್ಬರನ್ನೂ ಮಾತಾಡಿಸಬೇಕು, ಮೊದಲ ಸಭೆಗೆ ಆ ಸದಸ್ಯರೇ ಬಾಗಿಲಲ್ಲಿ ಕಾದು ಕರೆದುಕೊಂಡು ಹೋಗಬೇಕು.

ಇನ್ನು ಫಲಕ. ಸಭೆ ಏಳಕ್ಕೆ, ಫಲಕದಲ್ಲಿ ಆರು. ಬಿಡುತ್ತೇನೆಂಬ ಮನಸ್ಸು ಎಷ್ಟೋ ಸಲ ಅರ್ಧ ದಿನವೂ ನಿಲ್ಲುವುದಿಲ್ಲ. ಬೀಗ ನೋಡಿದವನು ಒಂದು ಗಂಟೆ ಕಾಯುತ್ತಾನೆಯೇ? ವಾರ, ಸಮಯ, ಮಹಡಿ, ಯಾವ ಬಾಗಿಲು ಎಂಬುದರ ಜೊತೆಗೆ ಓಪನ್ ಮೀಟಿಂಗೋ ಕ್ಲೋಸ್ಡೋ ಎಂದು ಬರೆಯಬೇಕು. ಓಪನ್ ಆದರೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಆದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಇದನ್ನು ಬರೆಯದ್ದಕ್ಕೆ ಹೆಂಡತಿಯರು ಗಂಡಂದಿರ ಜೊತೆ ಬಂದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದಾರೆ. ಅವರಂಥ ಮನೆಯವರಿಗೆಂದೇ 1951ರಿಂದ ಅಲ್-ಅನಾನ್ ಎಂಬ ಸಂಘವಿದೆ, ಅದನ್ನೂ ಒಂದು ಸಾಲು ಬರೆಸಿ. ದೇವರು, ಪ್ರಾರ್ಥನೆ ಒಗ್ಗದವರಿಗೆ ಸ್ಮಾರ್ಟ್ ರಿಕವರಿ ಎಂಬ ಬೇರೆ ಸಂಘವಿದೆ, ಆನ್‌ಲೈನ್ ಸಭೆಗಳೂ ಇವೆ.

ಒಳಗೆ ಏನಾಗುತ್ತದೆಂಬುದೂ ಫಲಕದಲ್ಲಿರಲಿ, ಏಕೆಂದರೆ ಹೊಸಬರನ್ನು ಹಿಂದೆ ಎಳೆಯುವುದು ಆ ಭಯವೇ. ಒಂದು ಅಥವಾ ಒಂದೂವರೆ ಗಂಟೆಯ ಸಭೆ. ಮಾತಾಡಲೇಬೇಕೆಂದಿಲ್ಲ, ‘ಕೇಳೋಕೆ ಬಂದಿದ್ದೀನಿ’ ಅಂದರೆ ಮುಗಿಯಿತು. ಒಬ್ಬರು ಹೇಳುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕಾಣಿಕೆ ಚೀಲ ಸುತ್ತಿ ಬಂದಾಗ ಹೊಸಬರು ಹಾಗೇ ಮುಂದೆ ದಾಟಿಸಬಹುದು. ನಿಜವಾದ ಕೆಲಸ ಸಭೆ ಮುಗಿದ ಮೇಲಿನ ಹತ್ತು ನಿಮಿಷದ್ದು: ಎರಡು ಮೂರು ಫೋನ್ ನಂಬರ್ ಬರೆದುಕೊಳ್ಳಬೇಕು, ಮೊದಲ ಗುಟುಕಿಗೆ ಮುಂಚೆ ಫೋನ್ ಮಾಡಬೇಕು, ಕುಡಿದ ಮೇಲಲ್ಲ. ನಿಮ್ಮ ಸಿಬ್ಬಂದಿ ಸಭೆ ಮುಗಿಯುತ್ತಲೇ ಕೀಲಿ ಗಲಗಲ ಅಲ್ಲಾಡಿಸುತ್ತ ದೀಪ ಆರಿಸುವುದು ಸರಿಯಾಗಿ ಆ ಹತ್ತು ನಿಮಿಷಕ್ಕೇ.

ಫಲಕದ ಕೊನೆಯ ಸಾಲನ್ನಂತೂ ಇವತ್ತೇ ಅಳಿಸಿ. ‘ಈ ಕ್ಷಣವೇ ಕುಡಿತ ನಿಲ್ಲಿಸಿ, ಸಭೆಗೆ ಬನ್ನಿ’ ಅಂತಿದೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು; 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು; ಎರಡು, ಮೂರನೇ ದಿನ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸನ್ನಿ ಹಿಡಿಯಬಹುದು, ಜೀವವೂ ಹೋಗಬಹುದು. ಅಂಥವರಿಗೆ ಮೊದಲು ಡಾಕ್ಟರು, ಆಮೇಲೆ ಸಭೆ. ಇದನ್ನು ಆಸ್ಪತ್ರೆಗೆ ನಾವು ಹೇಳಿಕೊಡಬೇಕೇ?

ರಿಜಿಸ್ಟರ್ ತೆಗೆಸಿ. ಫಲಕ ಬದಲಿಸಿ. ಆರೂ ಮುಕ್ಕಾಲಿಗೆ ಕೀಲಿ ಕೊಡಿಸಿ, ಎಂಟೂ ಮುಕ್ಕಾಲಿನವರೆಗೆ ದೀಪ ಆರಿಸಬೇಡಿ ಎಂದು ಹೇಳಿಸಿ. ಈ ಅರ್ಜಿಯನ್ನೂ ಪರಿಶೀಲನೆಗೇ ಕಳಿಸುವುದಾದರೆ ರಿಜಿಸ್ಟರನ್ನೂ ಅದರ ಜೊತೆಯಲ್ಲೇ ಕಳಿಸಿಬಿಡಿ, ಎರಡೂ ಅಲ್ಲೇ ಇರಲಿ.

ಇಂತಿ,
ಸಭೆಯ ಒಬ್ಬ ಸದಸ್ಯ
(ಹೆಸರು, ತಂದೆಯ ಹೆಸರು, ಮೊಬೈಲ್ ನಂಬರ್: ಖಾಲಿ ಬಿಡಲಾಗಿದೆ)