ಜನರೇಟರ್ ರೂಮಿಗೆ ಅದರದೇ ಸಿಲಿಂಡರ್ ಬೇಕು

ಮಾನ್ಯರೇ,

ಜುಲೈ ಬಂತೆಂದರೆ ನನಗೆ ಮುಂಬೈ ಕಡಲಿನ ತೈಲ ಕ್ಷೇತ್ರ ಬಾಂಬೆ ಹೈ ನೆನಪಾಗುತ್ತದೆ. 2005ರ ಜುಲೈ 27. ಬೆರಳು ಕತ್ತರಿಸಿಕೊಂಡ ಅಡುಗೆಯವನನ್ನು ಚಿಕಿತ್ಸೆಗೆ ದಾಟಿಸಲು ಬಂದ ಹಡಗು ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮಿನ ಗ್ಯಾಸ್ ಪೈಪಿಗೆ ಬಡಿದು ಬೆಂಕಿ ಹೊತ್ತಿಕೊಂಡಿತು. 22 ಜನ ತೀರಿಕೊಂಡರು. ಸುಮಾರು ಎರಡು ಗಂಟೆಯಲ್ಲಿ ಪ್ಲಾಟ್‌ಫಾರ್ಮೇ ಕುಸಿದು ಹೋಯಿತು.

ಅಂಥ ಬೆಂಕಿಯನ್ನು, ಬೆಂಕಿ ನಂದಿಸುವ ಗ್ಯಾಸ್ ತುಂಬಿದ ಯಾವ ಸಿಲಿಂಡರೂ ಆರಿಸಲಾರದು. ನಾನು ಹೇಳಹೊರಟಿದ್ದು ಸಣ್ಣದಾಗಿ ಹುಟ್ಟುವ ಬೆಂಕಿಯ ವಿಷಯ. ಮುಂಬೈ ಕಡಲಿನಲ್ಲಿ 18 ವರ್ಷ ಗುತ್ತಿಗೆ ಡೀಸೆಲ್ ಮೆಕ್ಯಾನಿಕ್ ಆಗಿದ್ದೆ. ಡೀಸೆಲ್ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೆ ಸಾಕು, ಎಣ್ಣೆ ಮಂಜಿನ ಹಾಗೆ ಚಿಮ್ಮಿ ಕಾದ ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಆಮೇಲೆ ಯೋಚನೆ ಮಾಡಲು ಸಮಯ ಇರುವುದಿಲ್ಲ.

ಪ್ಲಾಟ್‌ಫಾರ್ಮಿಗೆ ದೊಡ್ಡ ಫೈರ್ ಪಂಪ್ ಇದೆಯಲ್ಲ ಎನ್ನುತ್ತಾರೆ. ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ಎಣ್ಣೆ ಪ್ಲಾಟ್‌ಫಾರ್ಮಿನಲ್ಲೂ ಇತ್ತು. ಡೈವರ್‌ಗಳು ನೀರಿಗಿಳಿದಾಗ ಪಂಪಿನ ಸೆಳೆತಕ್ಕೆ ಸಿಗಬಾರದೆಂದು ಅದನ್ನು ಕೈಯಿಂದಲೇ ಚಾಲೂ ಮಾಡುವ ಹಾಗೆ ಇಟ್ಟಿದ್ದರು. 1988ರ ಜುಲೈ 6ರ ರಾತ್ರಿ ಹೊಗೆ, ಬೆಂಕಿ ದಾಟಿ ಆ ಪಂಪಿನ ಹತ್ತಿರ ಹೋಗಲು ಆಗಲೇ ಇಲ್ಲ. 167 ಜೀವ ಹೋಯಿತು.

ಅದಕ್ಕೇ ಪ್ರತಿ ಎಂಜಿನ್ ರೂಮಿಗೂ ಅದರದೇ ವ್ಯವಸ್ಥೆ ಬೇಕು ಎನ್ನುತ್ತೇನೆ. ಕರೆಂಟ್ ಹೋದರೂ, ಪಂಪ್ ನಿಂತರೂ ಅದು ತನ್ನಷ್ಟಕ್ಕೆ ಕೆಲಸ ಮಾಡಬೇಕು. ಇದರಲ್ಲಿ ಒಂದು ಬಗೆ ತುಂಬಾ ಸರಳ. ಎಂಜಿನ್ ಮೇಲೆ ಪೆನ್ಸಿಲ್ ದಪ್ಪದ ಒಂದು ಕೊಳವೆ, ಒಳಗೆ ಒತ್ತಡದ ಗಾಳಿ. ಬೆಂಕಿ ತಾಗಿದ ಕಡೆ ಕೊಳವೆ ಒಡೆಯುತ್ತದೆ, ಒತ್ತಡ ಇಳಿಯುತ್ತದೆ, ಸಿಲಿಂಡರಿನ ವಾಲ್ವ್ ತೆರೆದು ಬೆಂಕಿ ನಂದಿಸುವ ಗ್ಯಾಸ್ ಹೊರಬರುತ್ತದೆ. ವೈರೂ ಇಲ್ಲ, ಬ್ಯಾಟರಿಯೂ ಇಲ್ಲ.

ಆದರೆ ಸುಮ್ನೆ ಕೂರಿಸಿದರೆ ಆಗಲಿಲ್ಲ. ನಾನಿದ್ದ ಒಂದು ಕಡೆ ಜನರೇಟರ್ ರೂಮಿನ ಗಾಳಿ ಕಿಂಡಿಯನ್ನು ಮುಚ್ಚುವ ರೆಕ್ಕೆ, ಅಂದರೆ ಡ್ಯಾಂಪರ್, ಉಪ್ಪು ಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಿಡಿಕೆ ಜಗ್ಗಿದೆ, ತುಕ್ಕಿನ ಪುಡಿ ಉದುರಿತೇ ಹೊರತು ರೆಕ್ಕೆ ಅಲುಗಲಿಲ್ಲ. ಸುತ್ತಿಗೆ, ಗ್ರೀಸು ಹಿಡಿದು ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ತಪಾಸಣೆ ಹಾಳೆಯಲ್ಲಿ ಮಾತ್ರ ತಿಂಗಳು ತಿಂಗಳೂ ಸರಿ ಗುರುತು! ಕಿಂಡಿ ತೆರೆದೇ ಇದ್ದರೆ ಸಿಲಿಂಡರಿನ ಗ್ಯಾಸ್ ಎಲ್ಲ ಹೊರಗೆ ಹೋಗುತ್ತದೆ, ಬೆಂಕಿಗೆ ಹೊಸ ಗಾಳಿ ಸಿಗುತ್ತದೆ. ಅಂದು ನನಗೆ ಬಂದ ಸಿಟ್ಟು ಈಗಲೂ ಆರಿಲ್ಲ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ಕಣ್ಣಲ್ಲಿ ನೋಡಿ ಸರಿ ಎನ್ನಲು ಬರುವುದಿಲ್ಲ, ತೂಕ ಹಾಕಬೇಕು. ಶೇ 10ಕ್ಕಿಂತ ಜಾಸ್ತಿ ಇಳಿದಿದ್ದರೆ ಮತ್ತೆ ತುಂಬಿಸಬೇಕು. ಅದೇ ಗ್ಯಾಸ್ ಒಳಗಿರುವ ಮನುಷ್ಯನನ್ನೂ ಕೊಲ್ಲುತ್ತದೆ. ಹಾಗಾಗಿ ಮೆಕ್ಯಾನಿಕ್ ಒಳಗೆ ಹೋಗುವ ಮೊದಲು ಸಿಲಿಂಡರ್ ತೆರೆದುಕೊಳ್ಳದ ಹಾಗೆ ಲಾಕ್ ಹಾಕಬೇಕು, ಹೊರಬಂದ ಮೇಲೆ ಮರೆಯದೆ ತೆಗೆಯಬೇಕು.

ನಮ್ಮಲ್ಲಿ ಕಡಲಿನ ಪ್ಲಾಟ್‌ಫಾರ್ಮುಗಳ ಸುರಕ್ಷತೆ ನೋಡುವುದು ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ತಪಾಸಣೆಗೆ ಹೋದಾಗ ಹಾಳೆ ನೋಡುವುದಕ್ಕೆ ಮೊದಲು ಡ್ಯಾಂಪರ್ ಮುಚ್ಚಿಸಿ ನೋಡಿ, ಸಿಲಿಂಡರನ್ನು ನಿಮ್ಮೆದುರೇ ತೂಗಿಸಿ. ಗುತ್ತಿಗೆ ಮೆಕ್ಯಾನಿಕ್‌ಗಳನ್ನೂ ಕರೆದು ಕೇಳಿ. ಯಾವ ಹಿಡಿಕೆ ಕಚ್ಚಿಕೊಂಡಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

– ನಿವೃತ್ತ ಡೀಸೆಲ್ ಮೆಕ್ಯಾನಿಕ್, ಅಂಕೋಲಾ